ಜರ್ಮನಿಯಲ್ಲಿ ಲ್ಯಾಪ್‌ಟಾಪ್ ಕೆಟ್ಟರೆ: ಅಂಗಡಿಯ ಹೊಣೆ, ತಯಾರಕರ ವಾರಂಟಿ ಮತ್ತು ನಮ್ಮ ಸಿದ್ಧತೆ

ಜರ್ಮನಿಯಲ್ಲಿ ನೆಲೆಸಿರುವ ಕನ್ನಡಿಗರು ಲ್ಯಾಪ್‌ಟಾಪ್ ಕೈಕೊಟ್ಟಾಗ ಸಾಮಾನ್ಯವಾಗಿ ತಯಾರಕ ಕಂಪನಿಯ ಸಹಾಯವಾಣಿಗೆ ಕರೆ ಮಾಡುತ್ತಾರೆ. ವಾರಂಟಿ ಒಂದೇ ವರ್ಷದ್ದಾಗಿತ್ತು, ಅದು ಮುಗಿದಿದೆ ಎಂಬ ಉತ್ತರ ಬಂದರೆ ಅಲ್ಲಿಗೇ ಕೈಚೆಲ್ಲಿ ಸ್ವಂತ ಖರ್ಚಿನಲ್ಲಿ ರಿಪೇರಿ ಮಾಡಿಸುತ್ತಾರೆ. ಇದು ಅನಗತ್ಯವಾದ ನಷ್ಟ, ಏಕೆಂದರೆ ಇಲ್ಲಿನ ಕಾನೂನಿನಲ್ಲಿ ಮೊದಲ ಹೊಣೆ ತಯಾರಕರದ್ದಲ್ಲ, ಮಾರಿದ ಅಂಗಡಿಯದ್ದು.

ವಾರಂಟಿಗೆ ಇಲ್ಲಿನ ಹೆಸರಾದ ‘ಗರಾಂಟಿ’ ಎಂಬುದು ತಯಾರಕರು ಅಥವಾ ಅಂಗಡಿಯವರು ತಾವಾಗಿಯೇ ಕೊಡುವ ಭರವಸೆ. ಅದರ ಅವಧಿ ಮತ್ತು ಷರತ್ತುಗಳನ್ನು ಕೊಡುವವರೇ ನಿರ್ಧರಿಸುತ್ತಾರೆ. ‘ಗೆವೇರ್‌ಲೈಸ್ಟುಂಗ್’ ಎಂಬುದು ಜರ್ಮನಿಯ ನಾಗರಿಕ ಸಂಹಿತೆಯೇ ಕೊಟ್ಟಿರುವ ಹಕ್ಕು. ವಸ್ತು ಕೈಸೇರಿದ ದಿನದಿಂದ ಎರಡು ವರ್ಷ ಅದು ಮಾರಾಟಗಾರನನ್ನು ಕಟ್ಟಿಹಾಕುತ್ತದೆ. ಕೊಡುವಾಗಲೇ ವಸ್ತುವಿನಲ್ಲಿದ್ದ ದೋಷಕ್ಕೆ ಮಾತ್ರ ಇದು ಅನ್ವಯಿಸುತ್ತದೆ ಎಂಬುದು ನಿಜ. ಆದರೆ 2022ರ ಜನವರಿ 1ರಿಂದ ಈಚೆಗೆ ಖರೀದಿಸಿದ ವಸ್ತುವಿನಲ್ಲಿ ಮೊದಲ ಒಂದು ವರ್ಷದೊಳಗೆ ಕಾಣಿಸಿಕೊಂಡ ದೋಷವು ಮೊದಲಿನಿಂದಲೂ ಇತ್ತೆಂದೇ ಕಾನೂನು ಭಾವಿಸುತ್ತದೆ. ಹಾಗಲ್ಲವೆಂದು ಸಾಬೀತುಪಡಿಸುವುದು ಅಂಗಡಿಯವರ ಕೆಲಸ. ಅದಕ್ಕೂ ಹಿಂದೆ ಈ ಅನುಕೂಲ ಆರು ತಿಂಗಳಿಗೆ ಸೀಮಿತವಾಗಿತ್ತು. ಎರಡನೆಯ ವರ್ಷದಲ್ಲಿ ಹಕ್ಕು ಉಳಿದಿರುತ್ತದೆಯಾದರೂ ಸಾಬೀತುಪಡಿಸುವ ಭಾರ ನಮ್ಮ ಮೇಲೆ ಬೀಳುತ್ತದೆ. ಆದ್ದರಿಂದಲೇ ದೋಷವನ್ನು ಪರೀಕ್ಷಿಸುವ ಕೆಲಸವನ್ನು ಸಾಕ್ಷ್ಯ ಕೂಡಿಡುವ ಕೆಲಸವೆಂದೇ ತಿಳಿದು ಮಾಡಬೇಕು.

ನನ್ನ ಲ್ಯಾಪ್‌ಟಾಪ್ ಕೊಂಡ ಹತ್ತನೆಯ ತಿಂಗಳಲ್ಲಿ, ಬಳಸುತ್ತಿರುವಾಗಲೇ ಯಾವ ಎಚ್ಚರಿಕೆಯೂ ಇಲ್ಲದೆ ಆರಿಹೋಗತೊಡಗಿತು. ಅಂಗಡಿಗೆ ಒಯ್ದಾಗ ಕೌಂಟರಿನವರು ತಯಾರಕರಿಗೆ ಕಳುಹಿಸುವ ಚೀಟಿಯನ್ನು ಮುಂದಿಟ್ಟರು. ನಾನು ಗೆವೇರ್‌ಲೈಸ್ಟುಂಗ್ ಅಡಿಯಲ್ಲಿ ಕೇಳುತ್ತಿದ್ದೇನೆ ಎಂದು ಹೇಳಿ, ಹನ್ನೊಂದು ದಿನಗಳ ಟಿಪ್ಪಣಿಯ ಹಾಳೆಯನ್ನು ಕೊಟ್ಟೆ. ಪ್ರತಿ ಸಾಲಿನಲ್ಲಿ ದಿನಾಂಕ, ಸಮಯ, ಚಾರ್ಜರ್ ಹಾಕಿತ್ತೋ ಇಲ್ಲವೋ, ಯಾವ ಕೆಲಸ ನಡೆದಿತ್ತು ಎಂಬಷ್ಟೇ ಇತ್ತು. ಅವರು ಆ ಚೀಟಿಯನ್ನು ಹಿಂದಕ್ಕೆ ತೆಗೆದುಕೊಂಡು ಬೇರೊಂದು ನಮೂನೆಯನ್ನು ತುಂಬಿದರು. ಜೋರು ದನಿಯಲ್ಲಿ ವಾದಿಸುವ ಅಗತ್ಯವೇ ಬರಲಿಲ್ಲ.

ಪರೀಕ್ಷೆಯನ್ನು ಸರಳವಾದುದರಿಂದ ಆರಂಭಿಸುವುದು ಒಳ್ಳೆಯದು. ಯಂತ್ರ ಆನ್ ಆಗದಿದ್ದರೆ ಚಾರ್ಜರ್ ತೆಗೆದು ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿಹಿಡಿಯಿರಿ. ನಂತರ ಅಷ್ಟೇ ವ್ಯಾಟ್‌ನ, ಹೊಂದುವ ಬೇರೊಂದು ಚಾರ್ಜರ್ ಹಾಕಿ ನೋಡಿ. ಪರದೆ ಕಪ್ಪಾಗಿದ್ದು ಫ್ಯಾನ್ ತಿರುಗುತ್ತಿದ್ದರೆ ಎಚ್‌ಡಿಎಂಐ ಕೇಬಲ್ ಮೂಲಕ ಟಿವಿಗೋ ಮಾನಿಟರಿಗೋ ಜೋಡಿಸಿ: ಅಲ್ಲಿ ಚಿತ್ರ ಸರಿಯಾಗಿ ಬಂದರೆ ತೊಂದರೆ ಬಹುತೇಕ ಪರದೆಯಲ್ಲಿ ಅಥವಾ ಅದರ ಕೇಬಲ್‌ನಲ್ಲಿದೆ. ದೋಷ ಸಾಫ್ಟ್‌ವೇರಿನದೋ ಹಾರ್ಡ್‌ವೇರಿನದೋ ಎಂಬ ಅನುಮಾನವಿದ್ದಾಗ ಪೆನ್‌ಡ್ರೈವ್‌ನಿಂದ ಲಿನಕ್ಸ್ ಚಲಾಯಿಸಿ ನೋಡುವುದು ನನ್ನ ಮಟ್ಟಿಗೆ ಅತ್ಯುತ್ತಮ ಉಪಾಯ; ವಿಂಡೋಸ್ ಇಲ್ಲದೆಯೂ ಯಂತ್ರ ಆರಿಹೋದರೆ ‘ವಿಂಡೋಸ್ ಮತ್ತೆ ಹಾಕಿಸಿ’ ಎಂಬ ಸಲಹೆಗೆ ಅವಕಾಶವೇ ಇರುವುದಿಲ್ಲ. ಡೆಲ್‌ನಲ್ಲಿ ಆನ್ ಮಾಡುವಾಗ ಎಫ್12, ಎಚ್‌ಪಿಯಲ್ಲಿ ಎಫ್2 ಒತ್ತಿದರೆ ತಯಾರಕರದೇ ಪರೀಕ್ಷಾ ಕಾರ್ಯಕ್ರಮ ಸಿಗುತ್ತದೆ. ಅದು ತೋರಿಸುವ ದೋಷಸಂಕೇತದ ಫೋಟೊ ತೆಗೆದಿಡಿ. ನೀಲಿ ಪರದೆ ಬಂದರೆ ಅದರ ಕೆಳಗಿನ ಸ್ಟಾಪ್ ಕೋಡ್ ಕೂಡ ಫೋಟೊದಲ್ಲಿ ಕಾಣುವಂತಿರಲಿ. ಯಂತ್ರದ ಆಗುಹೋಗುಗಳ ದಾಖಲೆ ತೋರಿಸುವ ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಸಿಗುವ ‘ಕರ್ನಲ್ ಪವರ್ 41’ ಎಂಬ ದಾಖಲೆ ಯಂತ್ರ ಸರಿಯಾದ ಕ್ರಮದಲ್ಲಿ ಮುಚ್ಚಲಿಲ್ಲವೆಂದು ಮಾತ್ರ ಹೇಳುತ್ತದೆ, ಕಾರಣವನ್ನು ಹೇಳುವುದಿಲ್ಲ. ಆದರೂ ಅದರ ದಿನಾಂಕ ಮತ್ತು ಸಮಯ ನಿಮ್ಮ ಟಿಪ್ಪಣಿಗೆ ತಾಳೆಯಾಗುತ್ತದೆ, ಅದೇ ಅದರ ಬೆಲೆ. ಬ್ಯಾಟರಿಯ ಸಾಮರ್ಥ್ಯ ಬಳಕೆಯಿಂದ ನಿಧಾನವಾಗಿ ಕುಗ್ಗುವುದು ಸವಕಳಿಯೇ ಹೊರತು ದೋಷವಲ್ಲ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಯಂತ್ರವನ್ನು ತಕ್ಷಣ ಆರಿಸಿ, ಚಾರ್ಜ್ ಮಾಡಬೇಡಿ, ಪಾರ್ಸೆಲ್ಲಿನಲ್ಲಿ ಹಾಕಲೇಬೇಡಿ. ಹಾಳಾದ ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯ ಅಂಚೆಯಲ್ಲಿ ಕಳುಹಿಸುವಂತಿಲ್ಲ.

ಹಿಂಬದಿಯ ತಿರುಪುಗಳನ್ನು ಬಿಚ್ಚುವ ಆಸೆ ಎಷ್ಟೇ ಬಲವಾಗಿದ್ದರೂ ತಡೆದುಕೊಳ್ಳಿ. ಬಿಚ್ಚಿದಾಕ್ಷಣ ಹಕ್ಕು ಹೋಗುವುದಿಲ್ಲವಾದರೂ, ಹಾನಿ ನಿಮ್ಮಿಂದಲೇ ಆಯಿತು ಎಂಬ ವಾದಕ್ಕೆ ನೀವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ಇನ್ನು ದತ್ತಾಂಶದ ವಿಚಾರ. ದುರಸ್ತಿಯಲ್ಲಿ ಡಿಸ್ಕ್ ಅಳಿಸಿಹೋಗುತ್ತದೆ ಎಂದೇ ತಿಳಿದು ಸಿದ್ಧರಾಗಬೇಕು. ಡಿಸ್ಕ್ ಸಾಯುತ್ತಿರುವ ಲಕ್ಷಣವಿದ್ದರೆ ಮೊದಲು ಮುಖ್ಯ ಕಡತಗಳನ್ನು ಹೊರಗೆ ನಕಲಿಸಿ, ಅನಂತರವೇ ಪರೀಕ್ಷೆಗಳನ್ನು ನಡೆಸಿ. ಜರ್ಮನಿಯಲ್ಲಿ ತೆರಿಗೆ ಸಲ್ಲಿಸುವವರು ಎಲ್ಸ್ಟರ್ ಎಂಬ ಸರ್ಕಾರಿ ತೆರಿಗೆ ಜಾಲತಾಣದ ಸರ್ಟಿಫಿಕೇಟ್ ಕಡತವನ್ನು ಮರೆಯುವುದು ಸಾಮಾನ್ಯ. ಅದು ಡೌನ್‌ಲೋಡ್ಸ್ ಫೋಲ್ಡರಿನ ಮೂಲೆಯಲ್ಲಿ ಬಿದ್ದಿರುತ್ತದೆ, ಕಳೆದರೆ ಮತ್ತೆ ಅಂಚೆಯಲ್ಲಿ ಕೋಡ್ ಬರುವವರೆಗೆ ಕಾಯಬೇಕಾಗುತ್ತದೆ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯವಾದ ಬಿಟ್‌ಲಾಕರ್ ಇರುವ ಯಂತ್ರದ ಮದರ್‌ಬೋರ್ಡ್ ಬದಲಾದರೆ ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇದೆಯೇ ಎಂದು ಈಗಲೇ ನೋಡಿ, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮ್ಯಾಕ್ ಆಗಿದ್ದರೆ ಕಳೆದ ಯಂತ್ರವನ್ನು ಹುಡುಕುವ ‘ಫೈಂಡ್ ಮೈ’ ಸೌಲಭ್ಯವನ್ನು ಆಫ್ ಮಾಡಿ. ಯಂತ್ರ ಇನ್ನೂ ನಡೆಯುತ್ತಿದ್ದರೆ ಎಲ್ಲವನ್ನೂ ಅಳಿಸಿ ಹೊಸದರಂತೆ ಮಾಡಿ ಕೊಡುವುದೇ ಲೇಸು. ನಿಮ್ಮ ಸ್ವಂತ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೊಡಬೇಡಿ.

ಅಂಗಡಿಗೆ ಬರೆಯುವ ಪತ್ರದಲ್ಲಿ ಖರೀದಿಯ ದಿನಾಂಕ, ಸೀರಿಯಲ್ ಸಂಖ್ಯೆ, ದೋಷದ ವಿವರ ಮತ್ತು ‘ನಾಖ್‌ಎರ್‌ಫ್ಯುಲುಂಗ್’ ಎಂಬ ಪದ ಇರಲಿ. ದೋಷವನ್ನು ಸರಿಪಡಿಸಿಕೊಡುವ ಮಾರಾಟಗಾರನ ಕರ್ತವ್ಯಕ್ಕೆ ಕಾನೂನಿನಲ್ಲಿರುವ ಹೆಸರು ಅದು. ದುರಸ್ತಿಯೋ ಬದಲಿ ಯಂತ್ರವೋ ಎಂಬ ಆಯ್ಕೆ ಗ್ರಾಹಕನದು. ಆಯ್ದುಕೊಂಡ ದಾರಿಯ ವೆಚ್ಚ ವಿಪರೀತವಾದರೆ ಮಾತ್ರ ಅಂಗಡಿಯವರು ಅದನ್ನು ನಿರಾಕರಿಸಬಹುದು. ಸಾಗಾಟ, ಕೂಲಿ, ಬಿಡಿಭಾಗ ಎಲ್ಲವೂ ಅವರ ಖರ್ಚು. ಗಡುವಿನ ದಿನಾಂಕವೊಂದನ್ನು ಬರೆಯಲು ಈಗ ಕಾನೂನಿನ ಒತ್ತಾಯವಿಲ್ಲ, ಆದರೂ ಬರೆಯಿರಿ, ಎರಡು ವಾರದಷ್ಟು ಸಮಯ ಕೊಡಿ. ಉತ್ತರವೇ ಬಾರದಿದ್ದರೆ ಅದೇ ಪತ್ರವನ್ನು ‘ಐನ್‌ವುರ್ಫ್ ಐನ್‌ಶ್ರೈಬೆನ್’ ಎಂಬ ದಾಖಲಿತ ಅಂಚೆಯಲ್ಲಿ ಕಳುಹಿಸಿ. ಬಿಲ್ ಥರ್ಮಲ್ ಕಾಗದದ್ದಾಗಿದ್ದರೆ ಅಕ್ಷರಗಳು ಮಾಸುತ್ತವೆ, ಕೊಂಡ ದಿನವೇ ಸ್ಕ್ಯಾನ್ ಮಾಡಿಡಿ; ಬಿಲ್ ಕಳೆದಿದ್ದರೆ ಬ್ಯಾಂಕಿನ ಸ್ಟೇಟ್‌ಮೆಂಟ್ ಕೂಡ ಪುರಾವೆಯಾಗುತ್ತದೆ. ‘ಕುಲಾಂಟ್ಸ್’ ಎಂದು, ಅಂದರೆ ಸದ್ಭಾವನೆಯಿಂದ ಮಾಡಿಕೊಡುತ್ತೇವೆ ಎಂದು ಅವರು ಹೇಳಿದರೆ ಧನ್ಯವಾದ ಹೇಳಿ, ಆದರೆ ಕಾಗದದಲ್ಲಿ ಗೆವೇರ್‌ಲೈಸ್ಟುಂಗ್ ಎಂದೇ ಬರೆಸಿ. ‘ಕೋಸ್ಟೆನ್‌ಫೋರಾನ್‌ಷ್ಲಾಗ್’ ಎಂಬ ಅಂದಾಜು ಪಟ್ಟಿಗೆ ಸಹಿ ಹಾಕುವ ಮೊದಲು ಅದಕ್ಕೆ ಶುಲ್ಕವಿದೆಯೇ ಎಂದು ಕೇಳಿ.

ಭಾರತದಲ್ಲಿ ಕೊಂಡು ತಂದ ಯಂತ್ರಕ್ಕೆ ಈ ಹಕ್ಕು ಇಲ್ಲ. ಅದಕ್ಕೆ ತಯಾರಕರ ಅಂತರರಾಷ್ಟ್ರೀಯ ವಾರಂಟಿ ಇದ್ದರೆ ಮಾತ್ರ ಆಧಾರ. ಬಳಸಿದ ಯಂತ್ರಕ್ಕೆ ಅಂಗಡಿಯವರು ಅವಧಿಯನ್ನು ಒಂದು ವರ್ಷಕ್ಕೆ ಇಳಿಸಿರಬಹುದು. ಸ್ವತಂತ್ರ ವೃತ್ತಿಯ ಹೆಸರಿನಲ್ಲಿ ಬಿಲ್ ಮಾಡಿಸಿದವರಿಗೆ ಗ್ರಾಹಕರ ವಿಶೇಷ ರಕ್ಷಣೆ ಸಿಗುವುದಿಲ್ಲ. ಕಚೇರಿಯ ಲ್ಯಾಪ್‌ಟಾಪ್ ಆಗಿದ್ದರೆ ನೀವಾಗಿ ಎಲ್ಲಿಗೂ ಒಯ್ಯದೆ ಐಟಿ ವಿಭಾಗಕ್ಕೆ ಒಪ್ಪಿಸಿ.

ದುರಸ್ತಿಯ ಪ್ರಯತ್ನದ ನಂತರವೂ ದೋಷ ಉಳಿದಿದ್ದರೆ ಬೆಲೆ ಇಳಿಸಿಕೊಳ್ಳಲು ಅಥವಾ, ದೋಷ ಕ್ಷುಲ್ಲಕವಲ್ಲದಿದ್ದರೆ, ಯಂತ್ರ ಹಿಂತಿರುಗಿಸಿ ಹಣ ಕೇಳಲು ಅವಕಾಶವಿದೆ. ಅಂಗಡಿಯವರು ಒಪ್ಪದಿದ್ದರೆ ಪ್ರತಿ ರಾಜ್ಯದಲ್ಲೂ ಇರುವ ‘ಫೆರ್‌ಬ್ರೌಖರ್‌ತ್ಸೆಂಟ್ರಾಲೆ’ ಎಂಬ ಗ್ರಾಹಕ ಕೇಂದ್ರದಲ್ಲಿ ಸಲಹೆ ಪಡೆಯಬಹುದು. ಯಂತ್ರ ಮರಳಿ ಬಂದ ದಿನ ಸೀರಿಯಲ್ ಸಂಖ್ಯೆ ತಾಳೆ ನೋಡಿ, ಏನು ಬದಲಿಸಿದರು ಎಂಬ ವರದಿಯನ್ನು ಕೇಳಿ ಪಡೆಯಿರಿ, ಹಿಂದೆ ದೋಷ ಕಾಣಿಸಿದ್ದ ಕೆಲಸವನ್ನೇ ಮತ್ತೆ ಮಾಡಿ ಪರೀಕ್ಷಿಸಿ. ಎರಡು ವರ್ಷ ಅಷ್ಟರೊಳಗೆ ತುಂಬಿದ್ದರೂ, ಅದೇ ದೋಷದ ಕುರಿತ ನಿಮ್ಮ ಹಕ್ಕು ದುರಸ್ತಿಯಾದ ಯಂತ್ರ ಮರಳಿ ಕೈಸೇರಿದ ದಿನದಿಂದ ಕನಿಷ್ಠ ಎರಡು ತಿಂಗಳು ಉಳಿದಿರುತ್ತದೆ.