ಬಳ್ಳಾರಿಯಲ್ಲಿ ಕೂತು ಇರಾನಿನ ಬೆಟ್ಟಗಳನ್ನು ಹೇಗೆ ನೋಡ್ತೀನಿ: ನನ್ನ ಅನುಭವ

ಇರಾನಿನ ಅಣು, ಕ್ಷಿಪಣಿ, ಡ್ರೋನ್ ಕೆಲಸಗಳ ಮೇಲೆ ಕಣ್ಣಿಡೋಕೆ ಗೂಢಚಾರರೇ ಆಗಬೇಕು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಒಂದು ಲ್ಯಾಪ್‌ಟಾಪ್, ಇಂಟರ್ನೆಟ್, ಒಂದೇ ಜಾಗವನ್ನು ಬೇಜಾರಿಲ್ಲದೆ ತಿಂಗಳುಗಟ್ಟಲೆ ನೋಡುವ ಅಭ್ಯಾಸ ಇದ್ದರೆ ಎಷ್ಟೋ ತಿಳಿಯುತ್ತದೆ. ನಾನು ಬಳ್ಳಾರಿಯವನು, ಸಂಡೂರು ಕಡೆ ಗಣಿಗಳಲ್ಲಿ ಸರ್ವೆ ಕೆಲಸ. ಗುಂಡಿಯಿಂದ ಎಷ್ಟು ಮಣ್ಣು ಹೊರಗೆ ಬಂತು, ವೇಸ್ಟ್ ಡಂಪ್ ಎಷ್ಟು ಬೆಳೆಯಿತು, ರಸ್ತೆ ಲೀಸ್ ಗಡಿ ದಾಟಿತಾ ಅಂತ ಡ್ರೋನ್ ಮತ್ತು ಉಪಗ್ರಹ ಚಿತ್ರ ಇಟ್ಟುಕೊಂಡು ಅಳೆಯುವುದೇ ನನ್ನ ದಿನದ ದುಡಿಮೆ. ರಾತ್ರಿ ಊಟ ಆದ ಮೇಲೆ ಅದೇ ಕಣ್ಣಲ್ಲಿ ಇರಾನಿನ ಅಣು ಕೇಂದ್ರ ಇರುವ ನತಾಂಜ್ ನೋಡುತ್ತೇನೆ.

ನಿನಗ್ಯಾಕೆ ಇದೆಲ್ಲ ಅಂತ ಮನೆಯಲ್ಲೂ ಕೇಳುತ್ತಾರೆ. 2025ರ ಜೂನ್ 23ರಂದು ಇರಾನ್ ಕತಾರಿನಲ್ಲಿ ಅಮೆರಿಕದ ಸೇನೆ ಇರುವ ಅಲ್ ಉದೈದ್ ವಾಯುನೆಲೆಗೆ ಕ್ಷಿಪಣಿ ಬಿಟ್ಟಿತು. ನಮ್ಮ ಓಣಿಯ ಹುಡುಗರು ದೋಹಾದಲ್ಲಿ ಎಲೆಕ್ಟ್ರಿಷಿಯನ್, ಡ್ರೈವರ್ ಕೆಲಸಕ್ಕಿದ್ದಾರೆ. ಆ ರಾತ್ರಿ ಪಕ್ಕದ ಮನೆಯ ಅಕ್ಕ ಬಂದು "ತಮ್ಮಾ, ನೀನು ಇದನ್ನೆಲ್ಲ ನೋಡ್ತಿರ್ತೀಯಲ್ಲ, ನಮ್ಮ ಹುಡುಗ ಇರೋ ಕಡೆ ಏನಾಗಿದೆ ಹೇಳು" ಅಂದರು. ಟಿವಿಯಲ್ಲಿ ದೋಹಾನೇ ಉರಿಯುತ್ತಿದೆ ಅನ್ನೋ ಹಾಗೆ ಕೂಗುತ್ತಿದ್ದರು. ಆ ನೆಲೆ ಇರುವುದು ಊರಿನ ಹೊರಗೆ. ಮ್ಯಾಪ್ ತೆಗೆದು, ಹುಡುಗ ಇರುವ ಕಡೆಯಿಂದ ಅದೆಷ್ಟು ದೂರ ಅಂತ ತೋರಿಸಿದೆ. ಅವರ ಮುಖ ಸ್ವಲ್ಪ ತಿಳಿಯಾಯಿತು. ಇದು ನಮಗೆ ಸಂಬಂಧ ಇಲ್ಲದ ವಿಷಯ ಅಲ್ಲವೇ ಅಲ್ಲ.

ಈಗ ಕೆಲಸದ ಮಾತು. 2020ರ ಜುಲೈನಲ್ಲಿ ನತಾಂಜ್‌ನಲ್ಲಿ ಸೆಂಟ್ರಿಫ್ಯೂಜ್, ಅಂದರೆ ಯುರೇನಿಯಂ ಶುದ್ಧ ಮಾಡುವ ಯಂತ್ರ, ಜೋಡಿಸುವ ಕಟ್ಟಡ ಸ್ಫೋಟದಲ್ಲಿ ಹಾಳಾಯಿತು. ಅದರ ಬದಲು ಬೆಟ್ಟದೊಳಗೆ ಹೊಸದು ಕಟ್ಟುತ್ತೇವೆ ಅಂತ ಆ ವರ್ಷವೇ ಇರಾನ್ ಹೇಳಿತು. ಅಲ್ಲಿಂದ ದಕ್ಷಿಣಕ್ಕಿರುವ ಕೋಲಂಗ್ ಗಜ್ ಲಾ ಬೆಟ್ಟವೇ ನಾನು ಹೆಚ್ಚು ನೋಡುವ ಜಾಗ. ನೋಡುವುದು ಸೆಂಟಿನೆಲ್-2 ಉಪಗ್ರಹದ ಚಿತ್ರ. ಯುರೋಪಿನವರದು, ಪೂರ್ತಿ ಉಚಿತ, ಸುಮಾರು 5 ದಿನಕ್ಕೊಮ್ಮೆ ಹೊಸ ಚಿತ್ರ ಸಿಗುತ್ತದೆ. ಆದರೆ ಅದರಲ್ಲಿ ಒಂದು ಚುಕ್ಕಿ ಅಂದರೆ ನೆಲದ ಮೇಲೆ 10 ಮೀಟರ್. ಸುರಂಗದ ಬಾಯಿ ಅದರಲ್ಲಿ ಕಾಣುವುದಿಲ್ಲ. ಕಾಣುವುದು ಒಳಗಿಂದ ತಂದು ಸುರಿದ ಕಲ್ಲುಮಣ್ಣು. ಹೊಸದಾಗಿ ಒಡೆದ ಕಲ್ಲಿನ ಬಣ್ಣ ಹಳೆಯ ಇಳಿಜಾರಿನ ಬಣ್ಣಕ್ಕಿಂತ ಬೇರೆ, ಸಂಡೂರಿನಲ್ಲಿ ಹೊಸ ಡಂಪ್ ಎದ್ದು ಕಾಣುತ್ತದಲ್ಲ, ಹಾಗೆಯೇ. ಟಿಪ್ಪರ್ ಓಡಾಡುವ ರಸ್ತೆ ಅಗಲವಾಗುತ್ತದೆ, ಸುರಿಯುವ ತುದಿ ಮುಂದಕ್ಕೆ ಸರಿಯುತ್ತದೆ. ಆ ಅಂಚಿಗೆ ಗೆರೆ ಎಳೆದು ಇಟ್ಟುಕೊಂಡು ಮುಂದಿನ ಚಿತ್ರದ ಗೆರೆಯ ಜೊತೆ ಹೋಲಿಸಿದರೆ ಕೆಲಸ ನಡೀತಿದೆಯಾ ನಿಂತಿದೆಯಾ ಗೊತ್ತಾಗುತ್ತದೆ.

ಇಲ್ಲಿ ನೆರಳಿನ ಬಗ್ಗೆ ಹೇಳಲೇಬೇಕು. ನತಾಂಜ್ ನಮಗಿಂತ ತುಂಬಾ ಉತ್ತರಕ್ಕಿದೆ, ಚಳಿಗಾಲದಲ್ಲಿ ಬೆಟ್ಟದ ನೆರಳು ಉದ್ದಕ್ಕೆ ಬೀಳುತ್ತದೆ. ಜೂನ್ ಚಿತ್ರದ ಪಕ್ಕ ಡಿಸೆಂಬರ್ ಚಿತ್ರ ಇಟ್ಟರೆ ಇಲ್ಲದ ಗುಂಡಿ ಕಾಣುತ್ತದೆ. ಹಾಗಾಗಿ ಜೂನ್ ಚಿತ್ರವನ್ನು ಹಿಂದಿನ ಜೂನ್ ಜೊತೆಗೇ ಹೋಲಿಸಬೇಕು. ಆದರೆ ಇದೇ ನೆರಳು ಅಳತೆಗೂ ಬರುತ್ತದೆ. ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ದಾಗ, ನೆಲ ಸಮತಟ್ಟಾಗಿದ್ದರೆ, ನೆರಳಿನ ಉದ್ದವೇ ರಾಶಿಯ ಎತ್ತರ. ಹಿಮ ಬಿದ್ದ ವಾರ ಇನ್ನೂ ಒಳ್ಳೆಯದು, ಬಳಕೆಯಲ್ಲಿರುವ ರಸ್ತೆಗಳು ಬಿಳಿಯ ಮಧ್ಯೆ ಕಪ್ಪಗೆ ಕಾಣುತ್ತವೆ. ಮೋಡ, ಹೊಗೆ ಇದ್ದರೆ ಸೆಂಟಿನೆಲ್-1 ರೇಡಾರ್ ಚಿತ್ರ ಇದೆ, ಓದೋಕೆ ಮಾತ್ರ ಅಭ್ಯಾಸ ಬೇಕು.

ಕ್ಷಿಪಣಿ ಕಾರ್ಖಾನೆ ಗುರುತಿಸೋಕೆ ನನಗೆ ನೆರವಾದದ್ದು ಗಣಿಯ ಮ್ಯಾಗಜಿನ್. ಸ್ಫೋಟಕ ಇಡುವ ಆ ಕಟ್ಟಡದ ಸುತ್ತ ಮಣ್ಣಿನ ದಿಬ್ಬ ಹಾಕಿರುತ್ತಾರೆ, ಅಪ್ಪಿತಪ್ಪಿ ಸಿಡಿದರೆ ಏಟು ಪಕ್ಕಕ್ಕೆ ಹೋಗಬಾರದು ಅಂತ. ಟೆಹ್ರಾನ್ ಹತ್ತಿರದ ಖೋಜಿರ್, ಪಾರ್ಚಿನ್ ಕಡೆ ನೋಡಿ: ದೂರ ದೂರ ಚಿಕ್ಕ ಕಟ್ಟಡಗಳು, ಸುತ್ತ ದಿಬ್ಬ. ಘನ ಇಂಧನ ಕಲಸುವ, ಅಚ್ಚು ಹಾಕುವ ಕೆಲಸಕ್ಕೆ ಇಂಥ ವಿನ್ಯಾಸ ಬೇಕೇ ಬೇಕು. 2024ರ ಅಕ್ಟೋಬರ್‌ನಲ್ಲಿ ಇಸ್ರೇಲ್ ಹೊಡೆದ ಜಾಗಗಳಲ್ಲಿ ಇವೆರಡೂ ಇದ್ದವು. ಇಂಥ ಕಡೆ ಮುರಿದ ಕಟ್ಟಡಕ್ಕೆ ಮತ್ತೆ ಚಾವಣಿ ಬಂತಾ ಅನ್ನೋದೇ ನೋಡಬೇಕಾದ ಸಂಗತಿ.

ಡ್ರೋನ್ ವಿಷಯದಲ್ಲಿ ಉಪಗ್ರಹ ಅಷ್ಟು ಕೆಲಸಕ್ಕೆ ಬರುವುದಿಲ್ಲ. ಇರಾನಿನ ಶಾಹೆದ್-136 ಡ್ರೋನ್ ಉದ್ದ ಸುಮಾರು 3.5 ಮೀಟರ್, ಯಾವ ಶೆಡ್ಡಿನಲ್ಲೂ ಜೋಡಿಸಬಹುದು. ಅದರ ಬಗ್ಗೆ ಗೊತ್ತಾದದ್ದು ಬಹುಪಾಲು 2022ರ ನಂತರ ರಷ್ಯಾ ಬಿಟ್ಟು ಉಕ್ರೇನಿನಲ್ಲಿ ಬಿದ್ದ ಡ್ರೋನ್ ಚೂರುಗಳಿಂದ. ಎಂಜಿನ್ ಜರ್ಮನಿಯ ಲಿಂಬಾಖ್ ಎಂಜಿನ್ನಿನ ನಕಲು. ಹೀಗಾಗಿ ಡ್ರೋನ್‌ಗೆ ನಾನು ಚಿತ್ರ ಬಿಟ್ಟು ಬಿಡಿಭಾಗಗಳ ವರದಿ ಓದುತ್ತೇನೆ.

ನಾಸಾದ ಫರ್ಮ್ಸ್ ಮ್ಯಾಪ್ ನೋಡಿ ಗಾಬರಿ ಬೀಳುವವರು ಜಾಸ್ತಿ. ಬೆಂಕಿಯ ಬಿಸಿ ಕಂಡಲ್ಲಿ ಅದು ಚುಕ್ಕಿ ಇಡುತ್ತದೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಮೇಲೂ ಚುಕ್ಕಿ ಬರುತ್ತದೆ, ಅಲ್ಲಿ ಯುದ್ಧ ಇದೆಯಾ? ಇರಾನಿನ ದಕ್ಷಿಣದಲ್ಲಿ ಅನಿಲ ಉರಿಸುವ ಚಿಮಣಿಗಳು ವರ್ಷವಿಡೀ ಹೀಗೇ ಕಾಣುತ್ತವೆ. ಮೊದಲು ಆ ಜಾಗದ ಒಂದು ವರ್ಷದ ಚುಕ್ಕಿಗಳನ್ನು ನೋಡಿ, ಆಮೇಲೆ ಮಾತಾಡಿ.

ನಾನು ಎಕ್ಸೆಲ್ ಶೀಟಿನಲ್ಲಿ ಮೂರು ಕಾಲಂ ಇಟ್ಟಿದ್ದೇನೆ. ಒಂದು ನಾನೇ ಕಂಡದ್ದು, ಇನ್ನೊಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಅಂದರೆ ಐಎಇಎ ಹೇಳಿದ್ದು, ಕೊನೆಯದು ಅಂದಾಜು. ಇವನ್ನು ಕಲಸಬಾರದು. ಯಾಕೆ ಅಂದರೆ, 2025ರ ಜೂನ್ 22ರಂದು ಅಮೆರಿಕ 14 ದೊಡ್ಡ ಬಾಂಬ್ ಹಾಕಿತು, 12 ಬೆಟ್ಟದೊಳಗಿನ ಯುರೇನಿಯಂ ಕೇಂದ್ರವಾದ ಫೋರ್ಡೊ ಮೇಲೆ, 2 ನತಾಂಜ್ ಮೇಲೆ. ಫೋರ್ಡೊ ಬೆಟ್ಟದ ಮೇಲಿನ ತೂತುಗಳು ಖಾಸಗಿ ಕಂಪನಿಗಳ ಚಿತ್ರದಲ್ಲಿ ಸ್ಪಷ್ಟ ಇದ್ದವು, ದಾಳಿಗೆ ಮೊದಲೇ ಲಾರಿಗಳ ಸಾಲು, ಸುರಂಗದ ಬಾಯಿಗೆ ಮಣ್ಣು ತುಂಬಿದ್ದು ಕೂಡ. ಅಷ್ಟು ಕಂಡದ್ದು. ಲಾರಿಯಲ್ಲಿ ಏನಿತ್ತು, ಒಳಗೆ ಏನು ಉಳಿಯಿತು ಅನ್ನೋದು ಯಾವ ಚಿತ್ರದಲ್ಲೂ ಇಲ್ಲ. ಆ ವಾರ ಜನ ಅದನ್ನೂ ಖಚಿತವಾಗಿ ಬರೆಯುತ್ತಿದ್ದರು, ಓದಿ ಸಿಟ್ಟು ಬಂತು.

ಇರಾನ್ ಅಮೆರಿಕ ಮತ್ತಿತರ ದೇಶಗಳ ಜೊತೆ ಮಾಡಿಕೊಂಡ 2015ರ ಅಣು ಒಪ್ಪಂದದಲ್ಲಿ ಯುರೇನಿಯಂ ಶುದ್ಧೀಕರಣಕ್ಕೆ, ಅಂದರೆ ಅದರಲ್ಲಿ ಯು-235 ಪಾಲು ಹೆಚ್ಚಿಸುವುದಕ್ಕೆ, ಮಿತಿ 3.67%, ದಾಸ್ತಾನು 300 ಕೆ.ಜಿ. ಇತ್ತು. 2018ರಲ್ಲಿ ಅಮೆರಿಕ ಹೊರಬಂತು, 2021ರಲ್ಲಿ ಇರಾನ್ 60% ಮುಟ್ಟಿತು. 2025ರ ಜೂನ್ 13ಕ್ಕೆ 60% ದಾಸ್ತಾನು 440.9 ಕೆ.ಜಿ. ಅಂತ ಐಎಇಎ ಲೆಕ್ಕ. ಸುಮಾರು 42 ಕೆ.ಜಿ.ಯನ್ನು ಇನ್ನಷ್ಟು ಶುದ್ಧ ಮಾಡಿದರೆ ಒಂದು ಬಾಂಬಿಗೆ ಸಾಲುತ್ತದೆ. ಇಡೀ ದಾಸ್ತಾನನ್ನೂ ಸಿಲಿಂಡರ್‌ಗಳಲ್ಲಿ ತುಂಬಿ ಕೆಲವೇ ಗಾಡಿಗಳಲ್ಲಿ ಸಾಗಿಸಬಹುದು, ಆಕಾಶದಿಂದ ನೋಡಿದರೆ ಸಿಗುವ ಮಾಲಲ್ಲ ಅದು. ಸೀಲು ಒತ್ತಿ, ಕ್ಯಾಮೆರಾ ಇಟ್ಟು, ತೂಕ ಹಾಕುವ ಇನ್‌ಸ್ಪೆಕ್ಟರುಗಳೇ ಬೇಕು. ನಮ್ಮ ಜಿಲ್ಲೆಯಲ್ಲಿ ಅದಿರಿನ ಲೂಟಿ ನಡೆದಾಗ ಗುಂಡಿಯ ಅಳತೆ ಒಂದೇ ಸಾಲಲಿಲ್ಲ, ವೇಬ್ರಿಡ್ಜ್ ಚೀಟಿ, ಪರ್ಮಿಟ್ ಜೊತೆ ತಾಳೆ ನೋಡಬೇಕಾಯಿತು. 2025ರ ಜುಲೈನಲ್ಲಿ ಇರಾನ್ ಐಎಇಎ ಜೊತೆ ಸಹಕಾರ ನಿಲ್ಲಿಸುವ ಕಾನೂನು ತಂದ ದಿನ, ಬಾಂಬ್ ಬಿದ್ದ ದಿನಕ್ಕಿಂತ ಜಾಸ್ತಿ ಚಿಂತೆ ಆಯಿತು ನನಗೆ. 440.9ರ ಮುಂದೆ "ಜೂನ್ 13ರ ಲೆಕ್ಕ" ಅಂತ ಬರೆದೆ. ಸ್ಥಳದಲ್ಲಿ ಯಾರಾದರೂ ಮತ್ತೆ ತೂಕ ಹಾಕಿ ಹೇಳುವವರೆಗೆ ಅಂದಾಜಿನ ಕಾಲಂನಿಂದ ಯಾವ ಅಂಕಿಯನ್ನೂ ತಂದು ಅಲ್ಲಿ ತುಂಬುವುದಿಲ್ಲ.