ನಾಲ್ಕು ಗಾಲಿಯ ಕಲ್ಲಿದ್ದಲು ಹಾಪರ್: ಕಿಟ್ ಕಟ್ಟಿ ಹಳಿಯ ಮೇಲೆ ನಿಲ್ಲಿಸುವ ಬಗೆ

ಮಾಡೆಲ್ ರೈಲಿನ ಹಾಪರ್ ವ್ಯಾಗನ್‌ಗೆ ಎರಡು ತೊಂದರೆ ಹುಟ್ಟಿನಿಂದಲೇ ಇರುತ್ತವೆ. ಒಂದು, ಕೆಳಗೆ ಇಳಿಜಾರಾಗಿ ಕಿರಿದಾಗುವ ಡಬ್ಬಿಯಲ್ಲಿ ತೂಕ ಅಡಗಿಸಲು ಜಾಗವಿಲ್ಲ. ಎರಡು, ನಾಲ್ಕೇ ಗಾಲಿಯ ಗಡಸು ಚಾಸಿ ಕೂದಲೆಳೆಯಷ್ಟು ತಿರುಚಿದರೂ ಒಂದು ಗಾಲಿ ಗಾಳಿಯಲ್ಲಿ ನಿಲ್ಲುತ್ತದೆ. ರಿವೆಟ್, ಏಣಿ, ಹಿಡಿಕಂಬಿಗಳ ಅಂದ ಆಮೇಲಿನ ಮಾತು. ಮೊದಲು ಈ ಎರಡನ್ನು ಸರಿಪಡಿಸಬೇಕು.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ಬ್ರಿಟಿಷ್ ರೈಲ್ವೇಸ್‌ನ 21 ಟನ್ ಉಕ್ಕಿನ ಹಾಪರ್, ಓಓ ಸ್ಕೇಲ್‌ನಲ್ಲಿ. ಎಂದರೆ ಅಸಲಿಯ ಒಂದು ಅಡಿಗೆ 4 ಮಿ.ಮೀ., ಎರಡು ಹಳಿಗಳ ನಡುವೆ 16.5 ಮಿ.ಮೀ. ಅಂತರ. ಈಗ ಪೆಕೋ ಮಾರುವ ಪಾರ್ಕ್‌ಸೈಡ್ ಸಾಲಿನ ಪ್ಲಾಸ್ಟಿಕ್ ಕಿಟ್‌ಗಳಿಗೆ ಇಲ್ಲಿನ ವಿಧಾನ ನೇರವಾಗಿ ಹೊಂದುತ್ತದೆ; ಬೇರೆ ಕಂಪನಿಯದಾದರೂ ದೊಡ್ಡ ವ್ಯತ್ಯಾಸವಿಲ್ಲ. ಅಸಲಿ ವ್ಯಾಗನ್ ಈಶಾನ್ಯ ಇಂಗ್ಲೆಂಡಿನದು. ಗಣಿಯಿಂದ ಬಂದ ಕಲ್ಲಿದ್ದಲನ್ನು ಎತ್ತರದ ಕಟ್ಟೆಯ ಮೇಲೆ ನಿಂತು ತಳದ ಬಾಗಿಲಿನಿಂದ ನೇರ ಕೆಳಗೆ ಸುರಿಯುವುದು ಅಲ್ಲಿನ ಪದ್ಧತಿಯಾಗಿತ್ತು. ಅದಕ್ಕೆಂದು ಎಲ್‌ಎನ್‌ಇಆರ್ (ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆ) ಕಂಪನಿ ರೂಪಿಸಿದ್ದ 20 ಟನ್ ಹಾಪರನ್ನೇ ಬ್ರಿಟಿಷ್ ರೈಲ್ವೇಸ್ 21 ಟನ್‌ಗೆ ಮುಂದುವರಿಸಿತು. 1970ರ ದಶಕದಲ್ಲಿ ಕಂಪ್ಯೂಟರ್ ಸಂಕೇತಗಳು ಬಂದಾಗ ಬ್ರೇಕ್ ಪೈಪ್ ಇಲ್ಲದವು ಎಚ್‌ಟಿಒ, ವ್ಯಾಕ್ಯೂಮ್ ಬ್ರೇಕ್ ಇದ್ದವು ಎಚ್‌ಟಿವಿ ಆದವು. ಯಾವುದನ್ನು ಕಟ್ಟುತ್ತೀರಿ ಎಂದು ಮೊದಲೇ ತೀರ್ಮಾನಿಸಿಕೊಳ್ಳಿ. ಬ್ರೇಕ್ ಸಿಲಿಂಡರ್, ಬಣ್ಣ, ಅಕ್ಷರ ಎಲ್ಲವೂ ಅದರ ಮೇಲೆ ನಿಂತಿವೆ.

ಚಾಸಿ

ಬೇಕಾದ್ದು ಇಷ್ಟು: 12 ಮಿ.ಮೀ. ವ್ಯಾಸದ ಲೋಹದ ಗಾಲಿ ಎರಡು ಜೊತೆ, ತುದಿ ಚೂಪಾದ 26 ಮಿ.ಮೀ. ಆಕ್ಸಲ್, ಹಿತ್ತಾಳೆಯ ಟೋಪಿ ಬೇರಿಂಗ್ ನಾಲ್ಕು, 2 ಮಿ.ಮೀ. ಡ್ರಿಲ್ ಬಿಟ್, ವರ್ನಿಯರ್ ಕ್ಯಾಲಿಪರ್, ಸಣ್ಣ ಮೂಲೆಮಟ್ಟ, ಒಂದು ತುಂಡು ದಪ್ಪ ಗಾಜು. ಕಿಟ್‌ನಲ್ಲಿ ಪ್ಲಾಸ್ಟಿಕ್ ಗಾಲಿ ಕೊಟ್ಟಿದ್ದರೆ ಅದನ್ನು ಪಕ್ಕಕ್ಕಿಡಿ. ಅದು ಹಳಿಯ ಮೇಲೆ ಕೊಳೆ ಹರಡುತ್ತದೆ, ತೂಕವೂ ಇರುವುದಿಲ್ಲ.

ಗಾಲಿಗಳ ಒಳಮೈಯಿಂದ ಒಳಮೈಗೆ 14.5 ಮಿ.ಮೀ. ಇದೆಯೇ ಎಂದು ಕೂಡಿಸುವ ಮೊದಲೇ ಅಳೆಯಿರಿ. ಹೊಸ ಪೊಟ್ಟಣದಿಂದ ತೆಗೆದ ಗಾಲಿಯಲ್ಲೂ ಇದು ತಪ್ಪಿರುವುದುಂಟು. ಕಡಿಮೆಯಿದ್ದರೆ, ಹಳಿ ಕವಲೊಡೆಯುವ ಪಾಯಿಂಟ್‌ನಲ್ಲಿ ಗಾಲಿಯನ್ನು ದಾರಿಯಲ್ಲಿಡುವ ಒಳಹಳಿಯಾದ ಚೆಕ್ ರೈಲನ್ನು ಗಾಲಿ ಹತ್ತುತ್ತದೆ; ಹೆಚ್ಚಿದ್ದರೆ ಎರಡು ಹಳಿ ಕೂಡುವ ಚೂಪು ತುದಿಗೆ, ಎಂದರೆ ಕ್ರಾಸಿಂಗ್ ಮೂತಿಗೆ ಬಡಿಯುತ್ತದೆ. ಗಾಲಿಯನ್ನು ತಿರುಗಿಸುತ್ತ ಎಳೆದರೆ ನೇರವಾಗಿ ಸರಿಯುತ್ತದೆ. ಸುಮ್ಮನೆ ಎಳೆದರೆ ಓರೆಯಾಗಿ, ಓಡುವಾಗ ಹೊಯ್ದಾಡುತ್ತದೆ.

ಆಕ್ಸಲ್ ತುದಿ ಕೂರುವ ಆಕ್ಸಲ್‌ಬಾಕ್ಸ್‌ನ ಹಿಂದಿನ ಗುಳಿಯಲ್ಲಿ ಅಚ್ಚಿನ ಪ್ಲಾಸ್ಟಿಕ್ ಚೂರು ಉಳಿದಿರುತ್ತದೆ. 2 ಮಿ.ಮೀ. ಬಿಟ್ಟನ್ನು ಕೈಹಿಡಿಕೆಗೆ ಸಿಕ್ಕಿಸಿ ಬೆರಳಿನಿಂದಲೇ ತಿರುಗಿಸಿ ಶುಚಿ ಮಾಡಿ. ಮೋಟಾರ್ ಡ್ರಿಲ್ ಬೇಡ, ಪ್ಲಾಸ್ಟಿಕ್ ಕರಗಿ ಆಕ್ಸಲ್‌ಬಾಕ್ಸಿನ ಮುಖದಿಂದ ಹೊರಗೇ ಬಂದುಬಿಡುತ್ತದೆ. ಬೇರಿಂಗ್‌ನ ಅಂಚು ಡಬ್ಲ್ಯು-ಐರನ್‌ನ (ಆಕ್ಸಲ್‌ಬಾಕ್ಸನ್ನು ಹಿಡಿದಿಡುವ ಡಬ್ಲ್ಯು ಆಕಾರದ ತಗಡು) ಮೈಗೆ ಪೂರ್ತಿ ಅಂಟಿ ಕೂರಬೇಕು. ಅರ್ಧ ಮಿಲಿಮೀಟರ್ ಹೊರಗೆ ನಿಂತರೂ ಎರಡೂ ಸೋಲ್‌ಬಾರ್‌ಗಳು (ಚಾಸಿಯ ಎರಡು ಪಕ್ಕದ ಉದ್ದ ತೊಲೆಗಳು) ಹೊರಕ್ಕೆ ಬಾಗಿ ಆಕ್ಸಲ್ ಬಿಗಿಯುತ್ತದೆ. ಗುಳಿ ಆಳವಾದರೆ ಆಕ್ಸಲ್ ಅತ್ತಿತ್ತ ಜೋಲುತ್ತದೆ. ಅಕ್ಕಪಕ್ಕದ ಆಟ 0.2ರಿಂದ 0.3 ಮಿ.ಮೀ. ಇದ್ದರೆ ಸಾಕು.

ಅಂಟಿಸಲು ಬ್ಯೂಟನೋನ್ ಇಲ್ಲವೇ ಲಿಮೋನೀನ್ ದ್ರಾವಕ. ಬ್ಯೂಟನೋನ್ ಬೇಗ ಹಿಡಿಯುತ್ತದೆ, ಲಿಮೋನೀನ್ ಸರಿಪಡಿಸಿಕೊಳ್ಳಲು ಹೊತ್ತು ಕೊಡುತ್ತದೆ. ಚಾಸಿಗೆ ಎರಡನೆಯದೇ ವಾಸಿ. ಮೊದಲು ಒಂದು ಸೋಲ್‌ಬಾರನ್ನು ಅಂಟಿಸಿ ಒಣಗಲು ಬಿಡಿ. ಆಮೇಲೆ ಗಾಲಿಗಳನ್ನು ಕೂರಿಸಿ, ಎರಡನೆಯ ಸೋಲ್‌ಬಾರನ್ನು ಎರಡು ಮೂರು ಕಡೆ ಚುಕ್ಕೆಯಿಟ್ಟಂತೆ ಮಾತ್ರ ಹಿಡಿಸಿ, ಕೂಡಲೇ ವ್ಯಾಗನನ್ನು ಗಾಜಿನ ಮೇಲೆ ನಿಲ್ಲಿಸಿ. ಮೇಲಿನಿಂದ ನೋಡಿದಾಗ ಆಕ್ಸಲ್‌ಗಳು ಸೋಲ್‌ಬಾರ್‌ಗೆ ಸರಿಯಾಗಿ ಅಡ್ಡವಿರಬೇಕು. ಅಸಲಿಯ ಆಕ್ಸಲ್ ಅಂತರ 12 ಅಡಿ. ಆದ್ದರಿಂದ ಎಡಕ್ಕೂ ಬಲಕ್ಕೂ 48 ಮಿ.ಮೀ. ಬರಬೇಕು. ಎರಡೂ ಕಡೆ 48.3 ಬಂದರೆ ಪರವಾಗಿಲ್ಲ, ಒಂದು ಕಡೆ 48, ಇನ್ನೊಂದು ಕಡೆ 48.5 ಬಂದರೆ ವ್ಯಾಗನ್ ಸದಾ ಒಂದೇ ಹಳಿಗೆ ಒರಗಿ ಓಡುತ್ತದೆ.

ಈಗ ತಿರುಚು ಪರೀಕ್ಷೆ. ನಾಲ್ಕೂ ಮೂಲೆಗಳನ್ನು ಒಂದೊಂದಾಗಿ ಬೆರಳಿನಿಂದ ಒತ್ತಿ. ಎಲ್ಲಾದರೂ ಟಕ್ ಎಂದು ಅಲುಗಿದರೆ ಎತ್ತಿ ನಿಂತ ಗಾಲಿಯ ಕೆಳಗೆ ಪ್ರಿಂಟರ್ ಕಾಗದದ ಪಟ್ಟಿಗಳನ್ನು ತೂರಿಸುತ್ತ ಹೋಗಿ. ಒಂದು ಹಾಳೆ ಸುಮಾರು 0.1 ಮಿ.ಮೀ. ಎರಡು ಹಾಳೆಯವರೆಗೆ ಸಾಮಾನ್ಯ ಹಳಿ ಸಹಿಸಿಕೊಳ್ಳುತ್ತದೆ. ಅದಕ್ಕೂ ಹೆಚ್ಚಾದರೆ ಚುಕ್ಕೆ ಅಂಟುಗಳಿಗೆ ಮತ್ತೆ ದ್ರಾವಕ ಮುಟ್ಟಿಸಿ, ವ್ಯಾಗನ್ ಮೇಲೆ ನೂರಿನ್ನೂರು ಗ್ರಾಂ ಭಾರವಿಟ್ಟು ಗಾಜಿನ ಮೇಲೆಯೇ ರಾತ್ರಿಯಿಡೀ ಬಿಡಿ. ಪೂರ್ತಿ ಅಂಟು ಹಾಕುವುದು ಇದಾದ ಮೇಲೆ. ಡಬ್ಬಿಯೇ ತಿರುಚಿಕೊಂಡಿದ್ದರೆ ಈ ಉಪಾಯ ನಡೆಯದು. ಆಗ ಒಂದು ತುದಿಯ ಡಬ್ಲ್ಯು-ಐರನ್ ಕತ್ತರಿಸಿ ತೆಗೆದು, ನಡುಗಂಬಿಯ ಮೇಲೆ ತೂಗುವ ಲೋಹದ ಘಟಕ ಹಾಕಬೇಕು. ನಾಲ್ಕು ಗಾಲಿಯ ವ್ಯಾಗನ್ ಮೂರು ಬಿಂದುಗಳ ಮೇಲೆ ನಿಂತಂತಾಗಿ ಎಂಥ ಹಳಿಗೂ ಹೊಂದಿಕೊಳ್ಳುತ್ತದೆ. ನಮ್ಮ ಭಾರತೀಯ ರೈಲ್ವೆಯ ಬಿಒಬಿಆರ್‌ನಂಥ ಎಂಟು ಗಾಲಿಯ ಬೋಗಿ (ಇಲ್ಲಿ ಡಬ್ಬಿಯಲ್ಲ, ನಾಲ್ಕು ಗಾಲಿಯ ತಿರುಗುವ ಚೌಕಟ್ಟು) ಹಾಪರ್ ಮಾಡುವವರಿಗೆ ಇಷ್ಟು ಪಾಡಿಲ್ಲ: ಒಂದು ಬೋಗಿಯ ಸ್ಕ್ರೂವನ್ನು ಅದು ಪಕ್ಕಕ್ಕೆ ವಾಲದಷ್ಟು ಬಿಗಿದು, ಇನ್ನೊಂದನ್ನು ಎಲ್ಲ ಕಡೆಗೂ ಆಡುವಂತೆ ಸಡಿಲ ಬಿಟ್ಟರೆ ಮುಗಿಯಿತು.

ಓಟ ನೋಡಲು ಅರ್ಧ ಮೀಟರ್ ಹಲಗೆಯ ಮೇಲೆ ಹಳಿಯಿಟ್ಟು ಒಂದು ತುದಿಯನ್ನು 10 ಮಿ.ಮೀ. ಎತ್ತಿ. ವ್ಯಾಗನ್ ತಾನಾಗಿ ಉರುಳಬೇಕು. ಉರುಳದಿದ್ದರೆ ಬೇರಿಂಗ್‌ಗೆ ಚಿಟಿಕೆ ಗ್ರಾಫೈಟ್ ಪುಡಿ ಹಾಕಿ. ಎಣ್ಣೆ ಬೇಡ, ಧೂಳು ಹಿಡಿದು ಅಂಟಾಗುತ್ತದೆ.

ಡಬ್ಬಿ ಮತ್ತು ತೂಕ

ಭಾಗಗಳನ್ನು ಪಾತ್ರೆ ತೊಳೆಯುವ ದ್ರವದಲ್ಲಿ ತೊಳೆದು ಒಣಗಿಸಿ, ಇಲ್ಲದಿದ್ದರೆ ಅಚ್ಚಿನ ಎಣ್ಣೆಯ ಮೇಲೆ ಬಣ್ಣ ಹಿಡಿಯದು. ಒಳಗಿನ ಇಳಿಜಾರು ತಗಡುಗಳ ಮೇಲೆ ಅಚ್ಚಿನ ಪಿನ್ ಒತ್ತಿದ ದುಂಡು ಗುರುತುಗಳಿರುತ್ತವೆ. ಮುಚ್ಚಿದ ವ್ಯಾಗನ್‌ನಲ್ಲಿ ಅವು ಯಾರಿಗೂ ಕಾಣವು, ಖಾಲಿ ಹಾಪರ್‌ನಲ್ಲಿ ಕಾಣುವುದೇ ಅವು. ಡಬ್ಬಿ ಕಟ್ಟುವ ಮೊದಲೇ ಪುಟ್ಟಿ ತುಂಬಿ 600 ನಂಬರಿನ ಎಮರಿ ಕಾಗದದಿಂದ ನೀರು ಹಾಕಿ ಉಜ್ಜಿ. ಕಟ್ಟಿದ ಮೇಲೆ ಅಲ್ಲಿಗೆ ಬೆರಳು ಹೋಗುವುದಿಲ್ಲ.

ಮೇಲಂಚಿನ ದಪ್ಪವೂ ಕಿಟ್‌ನ ಗುಟ್ಟು ಬಿಟ್ಟುಕೊಡುತ್ತದೆ. 1 ಮಿ.ಮೀ. ಪ್ಲಾಸ್ಟಿಕ್ ಎಂದರೆ ಅಸಲಿ ಲೆಕ್ಕದಲ್ಲಿ 3 ಅಂಗುಲದ ಉಕ್ಕು! ಹೊರಮೈ ಮುಟ್ಟದೆ, ಒಳಗಿನಿಂದ ಮೇಲಿನ 3 ಮಿ.ಮೀ. ಭಾಗವನ್ನು ಓರೆಯಾಗಿ ಅರದಿಂದ ಉಜ್ಜಿ ಅಂಚನ್ನು 0.4 ಮಿ.ಮೀ.ಗೆ ಇಳಿಸಿ. ಇಡೀ ಕೆಲಸದಲ್ಲಿ ಕಡಿಮೆ ಶ್ರಮಕ್ಕೆ ಹೆಚ್ಚು ಫಲ ಕೊಡುವುದು ಇದೇ. ಅಚ್ಚಿನಲ್ಲೇ ಬಂದ ದಪ್ಪ ಹಿಡಿಕಂಬಿಗಳನ್ನು ಕೆತ್ತಿ ತೆಗೆದು, 0.5 ಮಿ.ಮೀ. ತೂತಿಗೆ 0.45 ಮಿ.ಮೀ. ಹಿತ್ತಾಳೆ ತಂತಿ ಬಾಗಿಸಿ ಸೇರಿಸಬಹುದು. ಮೂವತ್ತು ವ್ಯಾಗನ್‌ಗಳ ಸಾಲು ಕಟ್ಟುವವರು ಮೊದಲ ಮತ್ತು ಕೊನೆಯ ಒಂದೆರಡಕ್ಕೆ ಮಾತ್ರ ಈ ಪಾಡು ಪಟ್ಟರೆ ಸಾಕು.

ನಾಲ್ಕು ಗಾಲಿಯ ವ್ಯಾಗನ್‌ಗೆ ಆಕ್ಸಲ್‌ಗೆ 25 ಗ್ರಾಂನಂತೆ 50 ಗ್ರಾಂ ಒಳ್ಳೆಯ ಗುರಿ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಕಟ್ಟಿದ ವ್ಯಾಗನ್ 24 ಗ್ರಾಂ ಇದೆ ಎಂದಿಟ್ಟುಕೊಂಡರೆ ಇನ್ನು 26 ಬೇಕು. ಜಾಗ ಇರುವುದು ಎರಡು ತುದಿಗಳ ಇಳಿಜಾರು ತಗಡಿನ ಅಡಿಯಲ್ಲಿ. 1 ಮಿ.ಮೀ. ದಪ್ಪ, 20 × 30 ಮಿ.ಮೀ. ಅಳತೆಯ ಸೀಸದ ತಗಡು ಸುಮಾರು 7 ಗ್ರಾಂ; ತುದಿಗೊಂದರಂತೆ 14. ಉಳಿದ 12 ಗ್ರಾಮನ್ನು ಸೋಲ್‌ಬಾರ್‌ಗಳ ನಡುವೆ, ಆಕ್ಸಲ್‌ಗೆ ತಗುಲದಂತೆ ಸಣ್ಣ ಪಟ್ಟಿಗಳಾಗಿ ಹಚ್ಚಿ. ಸೀಸದ ತಗಡು ಸಿಗದ ಊರಿನಲ್ಲಿ ಟೈರ್ ಅಂಗಡಿಯ ಅಂಟುವ ವೀಲ್ ಬ್ಯಾಲೆನ್ಸಿಂಗ್ ತೂಕಗಳೂ ಆದೀತು. ಆದರೆ ಅವು ಕಬ್ಬಿಣದವಾದರೆ ದಪ್ಪ ಹೆಚ್ಚು, ಜೊತೆಗೆ ಅಯಸ್ಕಾಂತದ ಕಪ್ಲಿಂಗ್ (ವ್ಯಾಗನ್‌ಗಳನ್ನು ಒಂದಕ್ಕೊಂದು ಜೋಡಿಸುವ ಕೊಕ್ಕೆ) ಬಳಸುವವರಿಗೆ ತೊಡಕು.

ಸೀಸವನ್ನು ಫೆವಿಕಾಲ್‌ನಿಂದ ಅಂಟಿಸಲೇಬೇಡಿ. ಬಿಳಿ ಮರದಂಟಿನಿಂದ ಹೊರಡುವ ಅಸಿಟಿಕ್ ಆಮ್ಲ ಸೀಸವನ್ನು ನಿಧಾನವಾಗಿ ತಿಂದು ಬಿಳಿ ಪುಡಿಯಾಗಿಸುತ್ತದೆ. ಆ ಪುಡಿಗೆ ಮೂಲ ಸೀಸಕ್ಕಿಂತ ಹೆಚ್ಚು ಜಾಗ ಬೇಕು. ಮುಚ್ಚಿದ ಜಾಗದಲ್ಲಿ ಸೀಸದ ಗುಂಡು ತುಂಬಿ ಮೇಲೆ ಬಿಳಿ ಅಂಟು ಸುರಿದ ಮಾಡೆಲ್‌ಗಳು ಕೆಲವು ವರ್ಷಗಳಲ್ಲಿ ಉಬ್ಬಿ ಬಿರಿಯುತ್ತವೆ. ಎರಡು ಭಾಗದ ಎಪಾಕ್ಸಿ ಬಳಸಿ. ಸೀಸ ಮುಟ್ಟಿದ ಕೈ ತೊಳೆಯಿರಿ. ಅದನ್ನು ಕತ್ತರಿಯಿಂದಲೇ ಕತ್ತರಿಸಿ; ಅರದಿಂದ ಉಜ್ಜಿ ಪುಡಿ ಎಬ್ಬಿಸಬೇಡಿ. ಪ್ಲಾಸ್ಟಿಕ್ ಹಾಳೆಯಿಂದ ಸೀಸವನ್ನು ಮುಚ್ಚುವುದಾದರೆ ಕಾಣದ ಕಡೆ ಒಂದೆರಡು ಸಣ್ಣ ತೂತು ಬಿಡಿ. ಒಳಗೆ ಸಿಕ್ಕಿಕೊಂಡ ದ್ರಾವಕದ ಆವಿ ವಾರಗಳ ನಂತರವೂ ತೆಳು ತಗಡನ್ನು ಬಾಗಿಸುತ್ತದೆ.

ಸರಕು

ತುಂಬಿದ ವ್ಯಾಗನ್ ಬೇಕೆಂದರೆ ತೂಕದ ಚಿಂತೆ ತಪ್ಪಿತು, ಸೀಸ ಕಲ್ಲಿದ್ದಲಿನ ಅಡಿಗೆ ಹೋಗುತ್ತದೆ. ಆದರೆ ಸರಕನ್ನು ತೆಗೆದು ಹಾಕುವಂತೆ ಮಾಡುವುದು ಮೇಲು: ಗಣಿಯಿಂದ ತುಂಬಿ ಹೊರಟ ಗಾಡಿ ಖಾಲಿಯಾಗಿ ಮರಳಬೇಕಲ್ಲ. ಅಂಚಿನಿಂದ 4 ಮಿ.ಮೀ. ಕೆಳಗೆ ಕೂರುವಂತೆ ಗಟ್ಟಿ ಫೋಮ್ ಕತ್ತರಿಸಿ. ಮೇಲೆ ಕಬ್ಬಿಣದ ವಾಷರ್ ಒಂದನ್ನು ಎಪಾಕ್ಸಿಯಿಂದ ಹಚ್ಚಿ, ಕಪ್ಪು ಬಳಿಯಿರಿ. ಅಯಸ್ಕಾಂತ ತೋರಿಸಿದರೆ ಸರಕು ಮೇಲೆದ್ದು ಬರುತ್ತದೆ. ಕಲ್ಲಿದ್ದಲನ್ನು ಬಟ್ಟೆಯಲ್ಲಿ ಸುತ್ತಿ ಸುತ್ತಿಗೆಯಿಂದ ಕುಟ್ಟಿ ಜರಡಿ ಹಿಡಿಯಿರಿ, 0.5ರಿಂದ 2 ಮಿ.ಮೀ. ಚೂರು ಸಾಕು, 4 ಮಿ.ಮೀ. ಚೂರೆಂದರೆ ಒಂದಡಿಯ ಬಂಡೆ. ಇಸ್ತ್ರಿ ಅಂಗಡಿಯ ಇದ್ದಿಲು ಸುಲಭವಾಗಿ ಸಿಗುತ್ತದೆ ನಿಜ, ಆದರೆ ಅದಕ್ಕೆ ಕಲ್ಲಿದ್ದಲಿನ ಹೊಳಪಿಲ್ಲ. ಒಂದು ಪಾಲು ಫೆವಿಕಾಲ್, ಮೂರು ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ ಹನಿಹನಿಯಾಗಿ ಬಿಟ್ಟರೆ ಚೂರುಗಳು ಕದಲದೆ ಹಿಡಿಯುತ್ತವೆ. ಸರಕಿನಡಿ ಸೀಸವಿದ್ದರೆ ಅದು ಮೊದಲೇ ಎಪಾಕ್ಸಿಯಲ್ಲಿ ಪೂರ್ತಿ ಮುಚ್ಚಿರಬೇಕು.

ಬಣ್ಣ

ಬ್ರೇಕ್ ಪೈಪ್ ಇಲ್ಲದ ವ್ಯಾಗನ್ ಬೂದು, ವ್ಯಾಕ್ಯೂಮ್ ಬ್ರೇಕಿನದು ಬಾಕ್ಸೈಟ್ ಎಂಬ ಕೆಂಗಂದು. ಬ್ರಿಟಿಷ್ ರೈಲ್ವೇಸ್ ಕಟ್ಟಿದ್ದಕ್ಕೆ ನಂಬರಿನ ಮುಂದೆ ಬಿ, ಎಲ್‌ಎನ್‌ಇಆರ್‌ನಿಂದ ಬಂದದ್ದಕ್ಕೆ ಇ. ಕಲ್ಲಿದ್ದಲು ವ್ಯಾಗನ್ ಎಂದರೆ ಓರೆಯಾದ ಬಿಳಿ ಗೆರೆ ಇರಲೇಬೇಕು ಎಂದು ಹಲವರು ಎಳೆದುಬಿಡುತ್ತಾರೆ. ಆ ಗೆರೆ ತುದಿಯಲ್ಲಿ ಬಾಗಿಲು ಇರುವ ವ್ಯಾಗನ್‌ನ ಗುರುತು. ಹಾಪರ್‌ಗೆ ಬಾಗಿಲು ತಳದಲ್ಲಿರುವುದರಿಂದ ಗೆರೆ ಸಲ್ಲದು.

ತುಕ್ಕು ಬಳಿಯುವಾಗ ಒಳಗೂ ಹೊರಗೂ ಒಂದೇ ಬಣ್ಣ ಹಚ್ಚುವುದು ಸಾಮಾನ್ಯ ತಪ್ಪು. ಒಳಗೆ ಕಲ್ಲಿದ್ದಲು ಜಾರಿ ಜಾರಿ ಇಳಿಜಾರು ತಗಡು ಸವೆದಿರುತ್ತದೆ. ಅಲ್ಲಿ ಕಡುಗಂದಿನ ಮೇಲೆ ಮೇಲಿನಿಂದ ಕೆಳಕ್ಕೆ ಗೀರುಗಳು, ಅಲ್ಲಲ್ಲಿ ಪೆನ್ಸಿಲ್ ಗ್ರಾಫೈಟಿನ ಮಂದ ಹೊಳಪು ಇರಲಿ. ಮೂಲೆಗಳಲ್ಲಿ ಮಾತ್ರ ಕಪ್ಪು ಪುಡಿ ಕೂರಲಿ. ಹೊರಗೆ ತುಕ್ಕು ರಿವೆಟ್ ಸಾಲು ಮತ್ತು ಜೋಡಣೆಗಳಿಂದ ಶುರುವಾಗುತ್ತದೆ, ಆದ್ದರಿಂದ ಸ್ಪಂಜಿನ ತುಂಡನ್ನು ಬಣ್ಣಕ್ಕೆ ಅದ್ದಿ ಬಹುಪಾಲು ಒರೆಸಿ, ಅಲ್ಲಿಗಷ್ಟೇ ತಟ್ಟಿ. ನಂಬರ್ ಬರೆದ ಕಪ್ಪು ಚೌಕವನ್ನು ಶುಚಿಯಾಗಿ ಬಿಡಿ.

ಮ್ಯಾಟ್ ವಾರ್ನಿಷ್‌ಗೆ ಮಳೆಗಾಲ ಆಗದು. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಡಬ್ಬಿ ಮುಟ್ಟದಿರುವುದೇ ಒಳಿತು. ತೇವದ ಗಾಳಿಯಲ್ಲಿ ಬಿಳಿ ಮಂಜು ಕಟ್ಟುತ್ತದೆ. ಕಟ್ಟಿಬಿಟ್ಟರೆ ಒಣ ದಿನ ನೋಡಿ ತೆಳುವಾಗಿ ಹೊಳಪಿನ (ಗ್ಲಾಸಿ) ವಾರ್ನಿಷ್ ಹೊಡೆಯಿರಿ, ಬಹುಪಾಲು ಮಂಜು ಮಾಯವಾಗುತ್ತದೆ. ಅದರ ಮೇಲೆ ಮತ್ತೆ ಮ್ಯಾಟ್.

ಕಪ್ಲಿಂಗ್ ಮತ್ತು ಪರೀಕ್ಷೆ

ಎನ್‌ಇಎಂ 362 ಪಾಕೆಟ್ (ಕಪ್ಲಿಂಗ್ ಸಿಕ್ಕಿಸುವ ಪ್ರಮಾಣಿತ ಗೂಡು) ಹಾಕಿದರೆ ಮುಂದೆ ಕಪ್ಲಿಂಗ್ ಬದಲಿಸುವುದು ಸುಲಭ. ಕೊಕ್ಕೆಯ ಎತ್ತರವನ್ನು ಚೆನ್ನಾಗಿ ಓಡುವ ಇನ್ನೊಂದು ವ್ಯಾಗನ್ ಪಕ್ಕದಲ್ಲಿಟ್ಟು ಹೋಲಿಸಿ. ಬಫರ್‌ನ ನಡುಬಿಂದು ಹಳಿಯ ಮೇಲ್ಮೈಯಿಂದ ಸುಮಾರು 14 ಮಿ.ಮೀ. ಎತ್ತರದಲ್ಲಿರಬೇಕು, ಕಡಿಮೆ ಬಂದರೆ ಬೇರಿಂಗ್ ಗುಳಿ ಮೇಲ್ಮುಖವಾಗಿ ಅಗಲವಾಗಿದೆ ಎಂದರ್ಥ.

ಎಳೆಯುವ ಪರೀಕ್ಷೆಯಲ್ಲಿ ಎಲ್ಲ ವ್ಯಾಗನ್‌ಗಳೂ ಪಾಸಾಗುತ್ತವೆ. ತಳ್ಳಿ ನೋಡಿ: ಹೊಸ ಹಾಪರನ್ನು ಸಾಲಿನ ತುದಿಗಿಟ್ಟು, ಇಪ್ಪತ್ತು ವ್ಯಾಗನ್‌ಗಳಿಂದ, 438 ಮಿ.ಮೀ. ತಿರುವು ಮತ್ತು ಎದುರುಬದುರು ಪಾಯಿಂಟ್‌ಗಳ ಮೂಲಕ. ಆಮೇಲೆ ಅದನ್ನೇ ಸಾಲಿನ ನಡುವೆ ಇಡಿ. ಬೇರೆ ಬೇರೆ ವ್ಯಾಗನ್‌ಗಳು ಒಂದೇ ಜಾಗದಲ್ಲಿ ಹಳಿ ತಪ್ಪಿದರೆ ದೋಷ ಹಳಿಯದು. ಒಂದೇ ವ್ಯಾಗನ್ ಎಲ್ಲ ಕಡೆ ತಪ್ಪಿದರೆ ಮೊದಲು ಒಳಮೈ ಅಂತರ, ಆಮೇಲೆ ಗಾಜಿನ ಮೇಲಿನ ತಿರುಚು, ಕಡೆಗೆ ತೂಕ, ಈ ಕ್ರಮದಲ್ಲಿ ನೋಡಿ. ವ್ಯಾಗನನ್ನು ತಿರುಗಿಸಿ ಇಟ್ಟಾಗ ಓಡಿದರೆ, ಮೊದಲಿದ್ದ ದಿಕ್ಕಿನಲ್ಲಿ ಮುಂದಿದ್ದ ಆಕ್ಸಲ್ ಓರೆಯಾಗಿದೆ. ಖಾಲಿ ಮತ್ತು ತುಂಬಿದ ಹಾಪರ್‌ಗಳನ್ನು ಬೆರೆಸಿ ಓಡಿಸುವುದಾದರೆ ಹಗುರವಾದವನ್ನು ಹಿಂದಕ್ಕೆ ಇಡಿ. ಎಂಜಿನ್ ಪಕ್ಕದಲ್ಲಿಟ್ಟರೆ ತಿರುವಿನಲ್ಲಿ ಹಿಂದಿನ ಭಾರ ಅವುಗಳನ್ನು ಒಳಮಗ್ಗುಲಿಗೆ ಎಳೆದು ಕೆಡವುತ್ತದೆ.