ತೀರಿಕೊಂಡ ಸಹೋದ್ಯೋಗಿಯ ಕಡತವನ್ನು ಪಾಳಿಯ ಗೆಳೆಯರ ಕೈಗೆ ಕೊಟ್ಟ ಅನುಭವ

ಕಾರ್ಖಾನೆಯಲ್ಲಿ ಒಬ್ಬರು ತೀರಿಕೊಂಡಾಗ ಏನೇನು ನಡೆಯುತ್ತದೆ ಎಂಬುದು ಸಿಬ್ಬಂದಿ ವಿಭಾಗದ ನಮ್ಮ ಕಸುಬಿನವರಿಗೆಲ್ಲ ಬಾಯಿಪಾಠ: ನೋಟಿಸ್ ಬೋರ್ಡಿನಲ್ಲಿ ಭಾವಚಿತ್ರ, ಎರಡು ನಿಮಿಷದ ಮೌನ, ಗೇಟಿನ ಬಳಿ ಫ್ಲೆಕ್ಸ್, ಪಾಳಿ ಪಾಳಿಯಲ್ಲೂ ಚಂದಾ, ಕೊನೆಗೆ ಕುಟುಂಬಕ್ಕೆ ಸಲ್ಲಬೇಕಾದ ಹಣದ ಕಡತ ನಮ್ಮ ಮೇಜಿಗೆ. ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ, ಮುನ್ನೂರರ ಆಸುಪಾಸಿನ ಕೆಲಸಗಾರರ ನಡುವೆ, ನಾನೂ ಬಹಳ ವರ್ಷ ಇದನ್ನೇ ನಡೆಸಿಕೊಂಡು ಬಂದೆ. ಈಗ ಆ ಕಡತ ನನ್ನ ಮೇಜಿಗೆ ಬರುವುದಿಲ್ಲ. ತೀರಿಕೊಂಡವರ ಪಾಳಿಯಲ್ಲಿ ದುಡಿದ ಇಬ್ಬರ ಕೈಗೆ ಹೋಗುತ್ತದೆ, ಕುಟುಂಬಕ್ಕೆ ಕೊನೆಯ ರೂಪಾಯಿ ಸೇರುವವರೆಗೆ ಅವರೇ ಅದನ್ನು ಹೊತ್ತು ತಿರುಗುತ್ತಾರೆ. ಲೇತ್ ಯಂತ್ರ ನಡೆಸುವ ಟರ್ನರ್‌ಗಳನ್ನು ಪಿಎಫ್ ಕಚೇರಿಗೆ ಅಲೆಸಿದರೆ ಉತ್ಪಾದನೆಯೂ ಕೆಡುತ್ತದೆ, ಅರ್ಜಿಯೂ ಕೆಡುತ್ತದೆ ಎಂದು ನಮ್ಮ ಪ್ಲಾಂಟ್ ಮುಖ್ಯಸ್ಥರು ಹೇಳಿದ್ದರು. ಆಡಳಿತ ತನ್ನ ಕೆಲಸವನ್ನು ಕೆಲಸಗಾರರ ತಲೆಗೆ ಕಟ್ಟುತ್ತಿದೆ ಎಂಬ ಗುಮಾನಿ ಯೂನಿಯನ್ನಿನವರದು.

ಅದಕ್ಕೂ ಮೊದಲು ಮಾಡಿ ನೋಡಿದ್ದೇನೂ ಕಡಿಮೆಯಲ್ಲ. 2021ರಲ್ಲಿ, ಕೋವಿಡ್ ಎರಡನೇ ಅಲೆಯಲ್ಲಿ, ಕೆಲವೇ ವಾರಗಳ ಅಂತರದಲ್ಲಿ ನಮ್ಮವರು ಒಬ್ಬರ ಹಿಂದೊಬ್ಬರು ಹೋದಾಗ, ವರ್ಷಕ್ಕೆ ಅರವತ್ತು ಸಾವಿರದಷ್ಟು ತೆತ್ತು ಆಪ್ತಸಮಾಲೋಚಕರ ದೂರವಾಣಿ ಸೇವೆಯೊಂದನ್ನು ತೆಗೆದುಕೊಂಡೆವು. ಕರೆ ಮಾಡಿದವರನ್ನು ಬೆರಳಿನಲ್ಲಿ ಎಣಿಸಬಹುದಿತ್ತು, ಅವರಲ್ಲಿ ಶಾಪ್ ಫ್ಲೋರಿನವರು ಒಬ್ಬರೂ ಇರಲಿಲ್ಲ. ಸಂತಾಪ ಪುಸ್ತಕ ಇಟ್ಟರೆ ಪುಟದಿಂದ ಪುಟಕ್ಕೆ ‘ಆತ್ಮಕ್ಕೆ ಶಾಂತಿ ಸಿಗಲಿ’ ಎಂಬುದೇ ನಕಲಾಯಿತು. ನೆನಪಿಗೆಂದು ನೆಟ್ಟ ಹೊಂಗೆಯ ಸಸಿ ಫೋರ್ಕ್‌ಲಿಫ್ಟ್ ತಿರುಗುವ ಜಾಗದಲ್ಲಿತ್ತು, ಹೆಚ್ಚು ಹೇಳಬೇಕಾಗಿಲ್ಲ. ಚಂದಾ ಮೂವತ್ತೈದು ಸಾವಿರ ದಾಟುತ್ತಿತ್ತಾದರೂ ಹನ್ನೊಂದನೆಯ ದಿನ ಲಕೋಟೆಯಲ್ಲಿ ಕೊಟ್ಟ ಹಣ ಹೆಚ್ಚು ಪಾಲು ತಿಥಿಯ ಊಟಕ್ಕೇ ಕರಗುತ್ತಿತ್ತು. ಇತ್ತ ಅರ್ಜಿಗಳು ವರ್ಷ ದಾಟಿದರೂ ಮುಗಿಯುತ್ತಿರಲಿಲ್ಲ.

ಹೊಸ ಕ್ರಮದ ಮೊದಲ ಕಡತ ಸಿಎನ್‌ಸಿ ಟರ್ನಿಂಗ್ (ಕಂಪ್ಯೂಟರ್ ನಿಯಂತ್ರಿತ ಲೇತ್) ವಿಭಾಗದ ಒಬ್ಬರದು. ವಯಸ್ಸು ನಲವತ್ತರ ಮೇಲೆ, ತುಮಕೂರು ಜಿಲ್ಲೆಯ ಹಳ್ಳಿಗೆ ಹೋಗಿದ್ದಾಗ ಹೃದಯಾಘಾತ. ಪಿಎಫ್ ನಾಮಿನಿಯಾಗಿ ಮದುವೆಗೆ ಮುಂಚೆ ತಾಯಿಯ ಹೆಸರು ಬರೆಸಿದ್ದರು; ಮದುವೆಯಾದೊಡನೆ ಅಂಥ ನಾಮಿನೇಷನ್ ಅಸಿಂಧುವಾಗುತ್ತದೆ ಎಂಬುದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ, ಆದ್ದರಿಂದ ಅತ್ತೆ ಸೊಸೆಯರ ನಡುವೆ ಮಾತು ನಿಂತುಹೋಗಿತ್ತು. ಆಧಾರ್‌ನಲ್ಲಿ ತಂದೆಯ ಹೆಸರು ಪೂರ್ತಿ, ಪಿಎಫ್ ಖಾತೆಯಲ್ಲಿ ಬರೀ ಇನಿಷಿಯಲ್. ನಾನು ಹೋಗಿದ್ದರೆ ಕಂಪನಿಯವನಾಗಿ ಹೊರಜಗುಲಿಯಲ್ಲಿ ಕಾಫಿ ಕುಡಿದು ಮರಳುತ್ತಿದ್ದೆ. ಅವರ ಪಾಳಿಯ ಗೆಳೆಯರು ಒಳಮನೆಯಲ್ಲಿ ಕುಳಿತು ಅತ್ತೆಗೂ ಸೊಸೆಗೂ ಒಟ್ಟಿಗೆ ವಿಷಯ ತಿಳಿಸಿದರು, ಇಪ್ಪತ್ತೊಂದು ದಿನದೊಳಗೆ ಮರಣ ನೋಂದಣಿ ಮಾಡಿಸಿದರು, ನಾಡಕಚೇರಿಯಿಂದ ಕುಟುಂಬದ ಜೀವಂತ ಸದಸ್ಯರ ದೃಢೀಕರಣ ಪತ್ರ ತಂದರು. ಅರ್ಜಿ ತುಂಬುವುದನ್ನು ನಾನು ಕಲಿಸಿದೆ. ಪಿಎಫ್ ಹಣಕ್ಕೆ ಫಾರಂ 20, ಪಿಂಚಣಿಗೆ 10ಡಿ, ವಿಮೆಗೆ 5ಐಎಫ್, ಮೂರನ್ನೂ ಒಂದೇ ದಿನ ಕೊಟ್ಟೆವು. 10ಡಿಯಲ್ಲಿ ಹೆಂಡತಿಯ ಪಿಂಚಣಿಯ ಜೊತೆಗೆ ಇಪ್ಪತ್ತೈದು ವರ್ಷದೊಳಗಿನ ಇಬ್ಬರು ಮಕ್ಕಳಿಗೂ ಪಿಂಚಣಿ ಉಂಟೆಂಬುದನ್ನು ಎಷ್ಟೋ ಕಡೆ ಮರೆತುಬಿಡುತ್ತಾರೆ. ಪಿಎಫ್ ಜೊತೆಗೇ ಇರುವ ಇಡಿಎಲ್‌ಐ ಜೀವವಿಮೆಯ ಪೂರ್ತಿ ಮಿತಿ 7 ಲಕ್ಷ, ಒಂದೂವರೆ ಲಕ್ಷದ ಸಮೀಪ ಗ್ರಾಚ್ಯುಟಿ, ಇಎಸ್‌ಐ ಅಂತ್ಯಕ್ರಿಯೆ ವೆಚ್ಚ 15,000, ಇವೆಲ್ಲ ಮೂರು ತಿಂಗಳ ಆಸುಪಾಸಿನಲ್ಲಿ ಕೈಸೇರಿದವು. ಅವರಿಬ್ಬರ ಓಡಾಟದ ಅರ್ಧ ದಿನಗಳಿಗೆ ಸಂಬಳ, ಪೆಟ್ರೋಲ್ ಎಲ್ಲ ಸೇರಿ ಕಂಪನಿಗೆ ಬಿದ್ದದ್ದು ಒಂಬತ್ತು ಸಾವಿರದೊಳಗೆ. ಪ್ಲಾಂಟ್ ಮುಖ್ಯಸ್ಥರು ಆ ಲೆಕ್ಕದ ಹಾಳೆಗೆ ಸಹಿ ಹಾಕುವಾಗ ಏನೂ ಮಾತಾಡಲಿಲ್ಲ, ನಾನೂ ಕೆಣಕಲಿಲ್ಲ.

ಹಣಕ್ಕಿಂತ ನನಗೆ ಹೆಚ್ಚೆನಿಸಿದ್ದು ಓಡಾಟದಲ್ಲಿ ನಡೆದ ಮಾತು. ಸಮಾಲೋಚಕರಿಗೆ ಬಾಯಿ ಬಿಡದವರು ಬೈಕಿನಲ್ಲಿ ಹೋಗುತ್ತ, ಕಚೇರಿಯ ಬೆಂಚಿನ ಮೇಲೆ ಟೋಕನ್ ಹಿಡಿದು ಕಾಯುತ್ತ, ಸತ್ತವನನ್ನು ಬೈದರು, ನಕ್ಕರು, ಅತ್ತರು. ಮರುದಿನ ಶಾಪ್‌ನಲ್ಲಿ ‘ಕೆಲಸ ಎಲ್ಲಿಗೆ ಬಂತು’ ಎಂದು ಕೇಳುವ ನೆಪದಲ್ಲಿ ಉಳಿದವರೂ ಅವನ ಸುದ್ದಿ ತೆಗೆದರು. ಅವನ ಲಾಕರನ್ನು ಹೆಂಡತಿಯ ಎದುರಿಗೆ ಆ ಇಬ್ಬರೇ ತೆರೆದರು. ಒಳಗೆ ಒಂದು ವರ್ನಿಯರ್ ಕ್ಯಾಲಿಪರ್, ಹಸಿರು ಬಣ್ಣದ ಒಂದು ಪುಟ್ಟ ಡೈರಿ. ಮುಂದಿನ ಪುಟಗಳಲ್ಲಿ ಜಾಬ್‌ವಾರು ಟೂಲ್ ಆಫ್‌ಸೆಟ್‌ಗಳು (ಒಂದೊಂದು ಬಿಡಿಭಾಗ ಕಡೆಯಲು ಉಪಕರಣವನ್ನು ಹೊಂದಿಸುವ ಅಳತೆಗಳು), ಹಿಂಬದಿಯಿಂದ ತಿರುಗಿಸಿದರೆ ಮಗಳ ಶಾಲೆಯ ಫೀಸಿನ ಕಂತುಗಳು. ಆಕೆ ಹಿಂಬದಿಯ ಹಾಳೆಗಳನ್ನು ಮಾತ್ರ ಹರಿದು ಇಟ್ಟುಕೊಂಡು ಡೈರಿಯನ್ನು ಯಂತ್ರದ ಬಳಿಯೇ ಬಿಟ್ಟು ಹೋದರು. ಅದು ಇಂದಿಗೂ ಬಳಕೆಯಲ್ಲಿದೆ.

ಯಂತ್ರದ ವಿಚಾರದಲ್ಲೂ ಒಂದು ಪ್ರಯೋಗ ಮಾಡಿದ್ದೆವು. ಹನ್ನೊಂದು ದಿನ ಬಟ್ಟೆ ಹೊದಿಸಿ ನಿಲ್ಲಿಸಬೇಕೆಂದು ಕೆಲವರು ಹಟ ಹಿಡಿದರು. ನಿಂತ ಯಂತ್ರವನ್ನು ದಿನವೂ ನೋಡುವುದೇ ಅವರಿಗೆ ಭಾರವಾಗತೊಡಗಿತು, ಮೂರನೆಯ ದಿನವೇ ಬಟ್ಟೆ ತೆಗೆದರು. ಈಗ ಒಂದು ಪಾಳಿ ಮಾತ್ರ ನಿಲ್ಲಿಸುತ್ತೇವೆ, ಮೊದಲ ಜಾಬ್ ಯಾರು ಹಾಕಬೇಕೆಂಬುದನ್ನು ಕಡತ ಹೊತ್ತ ಇಬ್ಬರು ತೀರ್ಮಾನಿಸುತ್ತಾರೆ.

ಆ ಇಬ್ಬರನ್ನು ನಾನು ಆರಿಸುವ ಬಗೆಯನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಎಲ್ಲರಿಗಿಂತ ಹೆಚ್ಚು ಅತ್ತವರನ್ನೂ ಪದಾಧಿಕಾರಿಗಳನ್ನೂ ಬಿಡುತ್ತೇನೆ ಎಂಬಷ್ಟು ತಿಳಿದರೆ ಸಾಕು. ಹೆಸರಿನ ಇನಿಷಿಯಲ್ ತೊಡಕನ್ನು ಬೇಗ ಬಿಡಿಸಿದ ಉಪಾಯವೂ ನನ್ನ ಹತ್ತಿರವೇ ಇರಲಿ, ಅದು ಕಾನೂನಿನೊಳಗಿನದೇ.

ಸ್ಮರಣೆಗೆಂದು ಪ್ರತ್ಯೇಕ ಸಭೆ ಕರೆಯುವುದನ್ನೂ ಬಿಟ್ಟೆವು. ಆಯುಧಪೂಜೆಯಂದು ಅಗಲಿದವರ ಭಾವಚಿತ್ರಗಳನ್ನು ಅವರವರ ಯಂತ್ರದ ಪಕ್ಕ ಇಟ್ಟು, ಕುಂಬಳಕಾಯಿ ಒಡೆದು ಕಡಲೆಪುರಿ ಹಂಚಿದ ಮೇಲೆ, ಕಡತ ಹೊತ್ತು ಅನುಭವವಿರುವವರು ಒಂದು ಮೇಜು ಹಾಕಿಕೊಂಡು ಕೂರುತ್ತಾರೆ. ಬಂದವರ ಮೊಬೈಲಿನಲ್ಲೇ ಪಿಎಫ್ ಇ-ನಾಮಿನೇಷನ್ ತೆರೆಸಿ, ಮದುವೆಗೆ ಮುಂಚಿನ ಹೆಸರು ಇನ್ನೂ ಉಳಿದಿದೆಯೇ ಎಂದು ನೋಡುತ್ತಾರೆ. ಕಳೆದ ಸಲ ನಲವತ್ತರಷ್ಟು ಜನರ ನಾಮಿನೇಷನ್ ಹೀಗೆ ಸರಿಹೋಯಿತು. ರಾತ್ರಿ ಪಾಳಿಯವರು ಪೂಜೆ ಮುಗಿಸಿ ಬೇಗ ಊರಿಗೆ ಹೊರಟುಬಿಡುವುದರಿಂದ ಅವರದು ಇನ್ನೂ ಬಾಕಿ, ಈ ಸಲ ಮೇಜನ್ನು ಹಿಂದಿನ ದಿನವೇ ಹಾಕಬೇಕೆಂದಿದ್ದೇವೆ.